ನಲವತ್ತೇಳನೆಯದು

ಜಯತೀರ್ಥ ಸಿಂಗಪುರದ ಪಾಸಿರ್ ಪಂಜಾಂಗ್ ಬಂದರಿನಲ್ಲಿ ಪ್ಲಾನರ್. ಯಾವ ಕಂಟೇನರ್ ಹಡಗಿನಲ್ಲಿ ಎಲ್ಲಿ ಕೂರಬೇಕೆಂದು ನಿರ್ಧರಿಸುವುದು ಅವನ ಕೆಲಸ. ಮೈಸೂರಿನವನು, ಮೂವತ್ತಮೂರು ವರ್ಷ, ಆರಡಿ ಮೀರಿದ ಎತ್ತರ, ಮಿತಭಾಷಿ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿರಲಿಲ್ಲ. ೨೦೧೪ರ ಮಾರ್ಚ್‌ನಲ್ಲಿ ಒಬ್ಬನೇ ತಂಜಾಂಗ್ ಪಗಾರ್‌ನ ಒಂದು ಕ್ಲಿನಿಕ್ಕಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡ.

ವರದಿಯಲ್ಲಿ ಒಂದು ಸಾಲು ಮಾತ್ರ ಅವನ ಕಣ್ಣಿಗೆ ಬಿತ್ತು. ಕ್ರೋಮೋಸೋಮುಗಳು ನಲವತ್ತೇಳು: ಎಕ್ಸ್ ಎಕ್ಸ್ ವೈ. ಇರಬೇಕಾದದ್ದು ನಲವತ್ತಾರು. ಎರಡು ಎಕ್ಸ್ ಎಂದರೆ ಹೆಣ್ಣು ಎಂದು ಶಾಲೆಯಲ್ಲಿ ಓದಿದ್ದು ನೆನಪಿತ್ತು. ತಾನು ಅರ್ಧ ಹೆಣ್ಣು ಎಂದು ತೀರ್ಮಾನಿಸಿಬಿಟ್ಟ.

ಅದು ಅಜ್ಞಾನ. ವೈ ಇರುವುದರಿಂದ ಇಂಥವರ ದೇಹ ಗಂಡಾಗಿಯೇ ಬೆಳೆಯುತ್ತದೆ. ಸುಮಾರು ಆರುನೂರೈವತ್ತು ಗಂಡಸರಲ್ಲಿ ಒಬ್ಬನಿಗೆ ಹೀಗೆ ಒಂದು ಎಕ್ಸ್ ಹೆಚ್ಚಿರುತ್ತದೆ. ಹಲವರಿಗೆ ಅದು ಕೊನೆಯವರೆಗೂ ತಿಳಿಯುವುದಿಲ್ಲ. ಇದನ್ನು ವಿವರಿಸಲು ವೈದ್ಯರು ದಿನ ಕೊಟ್ಟಿದ್ದರು. ಅವನು ಹೋಗಲಿಲ್ಲ. ಸ್ನಾನದ ಮನೆಯಲ್ಲಿ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕನ್ನಡದವರ ಕೂಟಗಳಲ್ಲಿ ಗಂಡಸರ ಗುಂಪಿನ ನಡುವೆ ನಿಂತರೆ ಬೆವರುತ್ತಿದ್ದ. ಹೆಂಡತಿ ಸುನಂದಾ ಬಿಟ್ಟುಹೋಗುತ್ತಾಳೆ ಎಂಬ ಭಯ ಎಲ್ಲಕ್ಕಿಂತ ದೊಡ್ಡದು. ಅವಳಿಗೂ ಅವಳ ವೈದ್ಯೆಗೂ "ನನ್ನದು ನಾರ್ಮಲ್" ಎಂದ.

ಹಾಗಾಗಿ ತಪಾಸಣೆ ಸುನಂದಾಳ ಕಡೆ ತಿರುಗಿತು. ಜುಲೈನಲ್ಲಿ, ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವ ದಿನ ಬಂತು. ಇಬ್ಬರೂ ಬೆಳಗ್ಗೆಯೇ ಆಸ್ಪತ್ರೆ ಸೇರಿದರು; ಅವಳು ರಾತ್ರಿಯಿಂದ ಉಪವಾಸ.

"ನಿಮ್ಮ ಕೈ ಯಾಕೆ ಇಷ್ಟು ತಣ್ಣಗಿದೆ? ಆಪರೇಷನ್ ನನಗೆ ರೀ, ನಿಮಗಲ್ಲ."

ನರ್ಸ್ ಒಪ್ಪಿಗೆಯ ಕಾಗದ ತಂದು ಓದಿದಳು: "ಹಸ್ಬೆಂಡ್ ರಿಪೋರ್ಟ್ ನಾರ್ಮಲ್. ಕರೆಕ್ಟ್ ಆ, ಮೇಡಮ್?"

ಸುನಂದಾ ತಲೆಯಾಡಿಸಿ ಪೆನ್ನು ತೆಗೆದುಕೊಂಡಳು. ಜಯತೀರ್ಥ ಒಂದು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ಅವಳನ್ನು ಒಳಗೆ ಕರೆದೊಯ್ಯುತ್ತಿದ್ದರು.

"ಸೈನ್ ಮಾಡ್ಬೇಡ," ಎಂದ. "ಪ್ರಾಬ್ಲಮ್ ನಂದು. ಮಾರ್ಚಲ್ಲೇ ಗೊತ್ತಾಯ್ತು."

ಮನೆಯಲ್ಲಿಡಲು ಹೆದರಿ ಬ್ಯಾಗಿನಲ್ಲೇ ಹೊತ್ತು ತಿರುಗುತ್ತಿದ್ದ ವರದಿಯನ್ನು ತೆಗೆದುಕೊಟ್ಟ. ಅವಳು ಎರಡು ಸಲ ಓದಿದಳು.

"ಏನು ಹಾಗಂದ್ರೆ?"

"ಅರ್ಧ ಹೆಂಗಸು ಅಂತ ಇರ್ಬೇಕು. ಡಾಕ್ಟರ್‌ನ ಕೇಳಕ್ಕೆ ಧೈರ್ಯ ಆಗ್ಲಿಲ್ಲ."

"ನನ್ನ ಹೊಟ್ಟೆ ಕುಯ್ಸಕ್ಕೆ ಧೈರ್ಯ ಆಯ್ತಾ?"

ಅವಳು ಶಸ್ತ್ರಚಿಕಿತ್ಸೆ ರದ್ದು ಮಾಡಿಸಿ, ಅಲ್ಲಿಂದಲೇ ತಂಜಾಂಗ್ ಪಗಾರ್‌ನ ಕ್ಲಿನಿಕ್ಕಿಗೆ ಫೋನ್ ಮಾಡಿ ಅದೇ ದಿನಕ್ಕೆ ಸಮಯ ಕೇಳಿದಳು. ಎಂಆರ್‌ಟಿ ರೈಲಿನಲ್ಲಿ ಅವನ ಪಕ್ಕದ ಸೀಟು ಖಾಲಿಯಿದ್ದರೂ ದೂರ ನಿಂತಳು. ಪ್ರತಿ ನಿಲ್ದಾಣದಲ್ಲಿ ಬಾಗಿಲು ತೆರೆದಾಗಲೂ ಅವಳು ಇಳಿದುಬಿಡುತ್ತಾಳೆಂದು ಅವನು ಸೀಟಿನಿಂದ ಅರ್ಧ ಏಳುತ್ತಿದ್ದ. ಅವಳು ಇಳಿಯಲಿಲ್ಲ.

ವೈದ್ಯರು ಚಿತ್ರ ಬರೆದು ವಿವರಿಸಿದರು. ಹಾರ್ಮೋನಿಗೆ ಔಷಧವಿದೆ, ಮಗುವಾಗುವುದು ಕಷ್ಟ, ಪ್ರಯತ್ನಿಸಬಹುದು, ಭರವಸೆ ಕೊಡಲಾಗದು ಎಂದರು.

"ಡಾಕ್ಟರ್, ಇವರು ಗಂಡಸು ತಾನೇ?" ಸುನಂದಾ ನೇರವಾಗಿ ಕೇಳಿದಳು.

ಜಯತೀರ್ಥ ನೆಲ ನೋಡಿದ.

"ಅದರಲ್ಲಿ ಅನುಮಾನವೇ ಇಲ್ಲ."

ಅವಳು ಗಂಡನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು: "ಕೇಳಿಸ್ತಾ? ನಾಲ್ಕು ತಿಂಗಳು ಸುಳ್ಳು ಹೇಳಿದ್ದು ಪೂರ್ತಿ ಗಂಡಸೇ."

ಬೀದಿಗೆ ಬಂದ ಮೇಲೆ ಅವನು ಕೇಳಿದ, "ಮನೆಗೆ ಬರ್ತೀಯಾ?"

"ಮೊದಲು ಊಟ ಮಾಡ್ತೀನಿ. ಆಮೇಲೆ ಹೇಳ್ತೀನಿ."