ಚಹದ ನೀರಲ್ಲಿ ತೆರೆಯದ ಥರ್ಮೋಸ್ಟಾಟ್

ಚನ್ನಗಿರಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹಾಲಸ್ವಾಮಿಯ ರೇಡಿಯೇಟರ್ ಅಂಗಡಿಗೆ ಬೋರ್ಡು ಇರಲಿಲ್ಲ. ಗುರುತು ಹೇಳುವವರು ಗೋಡೆಯನ್ನೇ ಹೇಳುತ್ತಿದ್ದರು. ಕೆಟ್ಟ ವಾಹನಗಳಿಂದ ಬಿಚ್ಚಿದ ಪೈಪು, ಫ್ಯಾನು, ಮುಚ್ಚಳ, ಪಂಪುಗಳನ್ನು ಆತ ಮೂವತ್ತೊಂದು ವರ್ಷಗಳಿಂದ ಆ ಗೋಡೆಯ ಮೊಳೆಗಳಿಗೆ ನೇತುಹಾಕುತ್ತ ಬಂದಿದ್ದ. ದುಬಾರಿ ಕಾರೊಂದು ಪೈಪು ಒಡೆದುಕೊಂಡು ಬಂದರೆ ಆತ ಕಂಪನಿಯ ಹೆಸರು ಕೇಳುತ್ತಿರಲಿಲ್ಲ. ಒಡೆದ ಪೈಪಿನ ಬಾಗು ನೋಡಿ, ಅದರ ಬಾಯಿಗೆ ಹೆಬ್ಬೆರಳು ತೂರಿಸಿ, ಗೋಡೆಯ ಮುಂದೆ ನಿಧಾನವಾಗಿ ನಡೆದು ಒಂದು ಮೊಳೆಯ ಮುಂದೆ ನಿಲ್ಲುತ್ತಿದ್ದ. ಅಲ್ಲಿ ತೂಗುತ್ತಿದ್ದದ್ದು ಹಾಲಿನ ವ್ಯಾನಿನದೋ, ಗೂಡ್ಸ್ ಆಟೋದ್ದೋ ಪೈಪು. ಹಾಕಿದರೆ ಸರಿಯಾಗಿ ಕೂರುತ್ತಿತ್ತು. ಹೊನ್ನಾಳಿಯಿಂದ, ನ್ಯಾಮತಿಯಿಂದ, ಕೆರೆಬಿಳಚಿಯಿಂದ ಕಾರಿನವರು ಹುಡುಕಿಕೊಂಡು ಬರುತ್ತಿದ್ದುದು ಇದಕ್ಕಾಗಿಯೇ.

"ನೀರಿಗೆ ಕಂಪನಿ ಯಾವ್ದು ಅಂತ ಗೊತ್ತಾಗಾಕಿಲ್ರಿ, ಬಿಸಿ ಆತಾ ಇಲ್ವಾ ಅಷ್ಟೇ ಗೊತ್ತು," ಎನ್ನುತ್ತಿದ್ದ.

ಥರ್ಮೋಸ್ಟಾಟನ್ನು ಪರೀಕ್ಷಿಸಲು ಆತನಿಗೆ ಆತನದೇ ಒಂದು ಕ್ರಮವಿತ್ತು. ಇಂಜಿನ್ನಿನ ನೀರಿನ ದಾರಿಯಲ್ಲಿ ಕೂರುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬಾಗಿಲು ಅದು. ನೀರು ಕಾದಾಗ ತೆರೆದು ರೇಡಿಯೇಟರಿನ ಕಡೆಗೆ ಬಿಡುತ್ತದೆ, ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತದೆ. ಎದುರಿನ ಚೌಡಕ್ಕನ ಚಹದಂಗಡಿಯಲ್ಲಿ ಅದಕ್ಕೆಂದೇ ಒಂದು ಸೊಟ್ಟ ಪಾತ್ರೆ ಇತ್ತು. ನೀರು ಕುದಿ ಬಂದಾಗ ಹಾಲಸ್ವಾಮಿ ಅದರೊಳಗೆ ಥರ್ಮೋಸ್ಟಾಟನ್ನು ದಾರ ಕಟ್ಟಿ ಇಳಿಬಿಡುತ್ತಿದ್ದ. ಬಾಯಿ ಬಿಟ್ಟರೆ ಅದು ಬದುಕಿದೆ, ಬಿಡದಿದ್ದರೆ ಸತ್ತಿದೆ.

"ನಿನ್ನ ಕಬ್ಬಿಣ ಬೇಯ್ಸಿ ಬೇಯ್ಸಿ ನನ್ನ ಗ್ಯಾಸ್ ಖಾಲಿ ಆತು ನೋಡು," ಎಂದು ಚೌಡಕ್ಕ ರೇಗಿಸುತ್ತಿದ್ದಳು. "ಒಂದಿನ ಗಿರಾಕಿಗೆ ಅದನ್ನೇ ಸೋಸಿ ಕೊಡ್ತೀನಿ."

"ಕೊಡಕ್ಕ, ನಿನ್ನ ಚಾಗಿಂತ ರುಚಿ ಇರ್ತತೆ."

ಯರ್ರಿಸ್ವಾಮಿ ಜಗಳೂರಿನವನು, ಮೂವತ್ತಮೂರರ ಪ್ರಾಯ. ಎರಡು ಕೈ ದಾಟಿದ ಬಿಳಿಯ ವಿದೇಶಿ ಕಾರೊಂದನ್ನು ಕೊಂಡು, ಮದುವೆಗಳಲ್ಲಿ ಮದುಮಗನನ್ನು ಕರೆತರಲು ಬಾಡಿಗೆಗೆ ಓಡಿಸುತ್ತಿದ್ದ. ಕಳೆದ ಮಾಘದಲ್ಲಿ ಆ ಕಾರು ಆಗಾಗ ಬಿಸಿಯಾಗತೊಡಗಿತು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೇಳಿದ ಖರ್ಚು ಕೇಳಿ ಆತ ನೇರ ಚನ್ನಗಿರಿಗೆ ಬಂದ.

"ಹಾಲಣ್ಣ, ನೀನೇ ಕೈ ಹಿಡೀಬೇಕು. ಅವ್ರು ಹೇಳಿದ ರೊಕ್ಕಕ್ಕೆ ಇನ್ನೊಂದು ಮದ್ವೆ ಮಾಡ್ಕೋಬಹುದು."

"ಮೊದಲ್ನೇದನ್ನ ಮಾಡ್ಕೊಳೋ ತಮ್ಮ, ಆಮೇಲೆ ಇನ್ನೊಂದು."

ಹಾಲಸ್ವಾಮಿ ಥರ್ಮೋಸ್ಟಾಟ್ ಬಿಚ್ಚಿದ. ಎಂದೂ ಕಾಣದ ಒಂದು ವಿದ್ಯುತ್ ತಂತಿ ಅದಕ್ಕೆ ಹೊಂದಿಕೊಂಡಿತ್ತು. ಚೌಡಕ್ಕನ ಪಾತ್ರೆಗೆ ಇಳಿಬಿಟ್ಟ. ನೀರು ಕೊತಕೊತ ಕುದಿಯಿತು. ಅದು ಬಾಯಿ ಬಿಡಲಿಲ್ಲ. ಎರಡನೆಯ ಸಲವೂ ಬಿಡಲಿಲ್ಲ. "ಸತ್ತೈತೆ," ಎಂದು ಅದನ್ನು ಮೊಳೆಗೆ ಸಿಕ್ಕಿಸಿ, ಸಣ್ಣ ಡೀಸೆಲ್ ಕಾರಿನದೊಂದನ್ನು ರಬ್ಬರ್ ಉಂಗುರ ಸೇರಿಸಿ ಕೂರಿಸಿದ. ಕಾರು ಅರ್ಧ ಗಂಟೆ ನಿಂತಲ್ಲೇ ಓಡಿತು, ಬಿಸಿಯಾಗಲಿಲ್ಲ. ಆದರೆ ತಂತಿಗೆ ಜಾಗವಿಲ್ಲದ ಕಾರಣ ಸ್ಟೀರಿಂಗಿನ ಹಿಂದೆ ಹಳದಿ ದೀಪವೊಂದು ಹೊತ್ತಿಕೊಂಡಿತು.

"ಇದೇನಣ್ಣ?"

"ಅದು ಉರೀತಾನೇ ಇರ್ತತೆ. ಒಳಗೆ ಬೇರೆ ಕಂಪನಿ ಸಾಮಾನು ಬಂದೈತೆ ಅಂತ ಅದಕ್ಕೆ ಸಿಟ್ಟು. ನೀನು ತಲೆ ಕೆಡಿಸ್ಕೋಬ್ಯಾಡ."

ಯರ್ರಿಸ್ವಾಮಿ ನಕ್ಕ. ಆ ದಿನದಿಂದ ಆತ ದೀಪದ ಕಡೆ ನೋಡುವುದನ್ನೇ ಬಿಟ್ಟ.

ಹನ್ನೊಂದು ದಿನ ಕಳೆದವು. ಸವಳಂಗದ ಮದುವೆಯೊಂದಕ್ಕೆ ಹೊನ್ನಾಳಿಯಿಂದ ಮದುಮಗನನ್ನು ಕೂರಿಸಿಕೊಂಡು ಹೊರಟ ಕಾರು ನ್ಯಾಮತಿಗೆ ನಾಲ್ಕು ಕಿಲೋಮೀಟರ್ ಇರುವಾಗ ನಿಂತಿತು. ಬೆಳಗಿನ ಒಂಬತ್ತೂವರೆ, ಮುಹೂರ್ತ ಹತ್ತೂಕಾಲಿಗೆ. ಯರ್ರಿಸ್ವಾಮಿ ಫೋನು ಮಾಡಿದ. ಹಿಂದಿನಿಂದ ಮದುಮಗನ ಸೋದರಮಾವ ಕೂಗಾಡುವುದು ಹಾಲಸ್ವಾಮಿಗೆ ಕೇಳುತ್ತಿತ್ತು.

"ಅಣ್ಣ, ಬಿಸಿ ತೋರ್ಸೋ ಮುಳ್ಳು ಮ್ಯಾಲಕ್ಕೆ ಹೋಗಿ ಕುಂತೈತೆ. ಏನ್ ಮಾಡ್ಲಿ?"

ಹಾಲಸ್ವಾಮಿ ಎಲ್ಲರಿಗೂ ಕೇಳುವುದನ್ನೇ ಕೇಳಿದ. "ರೇಡಿಯೇಟರಿಗೆ ಹೋಗೋ ದಪ್ಪ ಪೈಪು ಮುಟ್ಟಿ ನೋಡು. ಬಿಸಿ ಐತಾ?"

"ಇಲ್ಲಣ್ಣ. ತಣ್ಣಗೈತೆ."

ಥರ್ಮೋಸ್ಟಾಟನ್ನು ತಾನೇ ಬದಲಿಸಿದ್ದಾಗಿತ್ತು. ಅದು ಸರಿಯಿದ್ದೂ ತಣ್ಣಗಿರುವ ಪೈಪಿಗೆ ಜೀಪು, ಟ್ರ್ಯಾಕ್ಟರು, ಲಾರಿಗಳಲ್ಲಿ ಹಾಲಸ್ವಾಮಿ ಕಂಡಿದ್ದ ಅರ್ಥ ಒಂದೇ.

"ಹಂಗಾದ್ರೆ ಒಳಗೆ ನೀರಿಲ್ಲ. ಮುಚ್ಚಳ ತೆಗೆದು ನೀರು ಹಾಕು, ಹೋಗ್ತತೆ."

ಫೋನು ಇನ್ನೂ ಕಿವಿಯಲ್ಲಿತ್ತು. ಮುಚ್ಚಳ ಹಾರಿದ ಸದ್ದು ಕೇಳಿಸಿತು. ಅದರ ಹಿಂದೆಯೇ ಬಂದದ್ದು ಯರ್ರಿಸ್ವಾಮಿಯ ಧ್ವನಿಯೆಂದು ಹಾಲಸ್ವಾಮಿಗೆ ಕೂಡಲೇ ತಿಳಿಯಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಎಡಗಣ್ಣು ಹೋಯಿತೆಂದರು. ಬಲಗಣ್ಣಿಗೆ ಬೆಳಕು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ಬಿಸಿ ಇಂಜಿನ್ನಿನ ಮುಚ್ಚಳಕ್ಕೆ ಅವಸರದಲ್ಲಿ ಕೈ ಹಾಕಿದ ಎಂದು ಮದುವೆಯವರು ಹೇಳಿದರು. ಜಗಳೂರಿನ ಓಣಿಯೂ ಅದನ್ನೇ ಹೇಳಿತು. ತಾಯಿ ಕಾಟಮ್ಮ ದಿನಕ್ಕೆ ಹತ್ತು ಸಲ ಅದನ್ನೇ ಹೇಳಿ ಅಳುತ್ತಾಳೆ ಎಂಬ ಸುದ್ದಿಯೂ ಚನ್ನಗಿರಿಗೆ ಬಂತು. ಫೋನಿನಲ್ಲಿ ತೆಗೆ ಎಂದವನ ಹೆಸರನ್ನು ಯರ್ರಿಸ್ವಾಮಿ ಯಾರಿಗೂ ಹೇಳಿರಲಿಲ್ಲ.

ಮೂರನೆಯ ವಾರ ಕಾರನ್ನು ಎಳೆದು ತಂದು ಹಾಲಸ್ವಾಮಿಯ ಅಂಗಡಿಯ ಮುಂದೆಯೇ ಬಿಟ್ಟರು. ಆತ ಬಿಚ್ಚಿ ನೋಡಿದ. ಒಳಗೆ ನೀರು ಸಾಕಷ್ಟು ಉಳಿದಿತ್ತು. ನೀರು ತಳ್ಳುವ ಪಂಪು ಈ ಕಾರಿನಲ್ಲಿ ಬೆಲ್ಟಿನದಲ್ಲ, ಕರೆಂಟಿನದು. ಬ್ಯಾಟರಿಗೆ ನೇರವಾಗಿ ಜೋಡಿಸಿದರೂ ತಿರುಗಲಿಲ್ಲ. ಸ್ಪ್ಯಾನರಿನಿಂದ ತಟ್ಟಿದರೆ ತಿರುಗಿತು, ಮತ್ತೆ ನಿಂತಿತು. ಪಂಪು ನಿಂತಾಗ ಇಂಜಿನ್ನಿನ ಸುತ್ತ ನೀರು ನಿಂತಲ್ಲೇ ಕುದಿಯುತ್ತಿತ್ತು. ಪೈಪಿಗೆ ಬರುತ್ತಲೇ ಇರಲಿಲ್ಲ. ಪೈಪು ತಣ್ಣಗಿದ್ದದ್ದು ಅದಕ್ಕೆ.

ಆತ ಎದ್ದು ಗೋಡೆಯ ಬಳಿ ಹೋಗಿ ಹಳೆಯ ಥರ್ಮೋಸ್ಟಾಟನ್ನು ತೆಗೆದ. ಅದರ ಅಂಚಿನಲ್ಲಿ ಅಂಕಿಯೊಂದನ್ನು ಒತ್ತಿದ್ದರು. ಪಾತ್ರೆಯನ್ನು ನಂಬಿದವನು ಅಂಕಿಯನ್ನು ಓದಿದವನಲ್ಲ. ಕನ್ನಡಕ ಏರಿಸಿ ಬೆಳಕಿಗೆ ಹಿಡಿದ: ನೂರೈದು. ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿ.

ಚೌಡಕ್ಕ ಮೆಣಸಿನಕಾಯಿ ಬಜ್ಜಿಗೆ ಎಣ್ಣೆ ಕಾಯಿಸಿದ್ದಳು. ಹಾಲಸ್ವಾಮಿ ಅದಕ್ಕೆ ದಾರ ಕಟ್ಟಿ ಎಣ್ಣೆಗೆ ಇಳಿಬಿಟ್ಟ.

"ಅಯ್ಯೋ, ಎಣ್ಣೆ ಕೆಡಿಸ್ತೀಯಲ್ಲೋ, ಮೈಮ್ಯಾಲೆ ಖಬರ್ ಐತಾ ನಿನಗೆ?"

ಎಣ್ಣೆಯ ತಳದಲ್ಲಿ ಅದು ನಿಧಾನವಾಗಿ, ಪೂರ್ತಿ, ಬಾಯಿ ತೆರೆಯಿತು.

ಹಾಲಸ್ವಾಮಿ ಬೆಂಚಿನ ಮೇಲೆ ಕುಳಿತ. ಬದುಕಿದ್ದನ್ನು ತೆಗೆದು ಮೊಳೆಗೆ ಹಾಕಿದ್ದ. ಸಾಯುತ್ತಿದ್ದದ್ದನ್ನು ಒಳಗೇ ಬಿಟ್ಟಿದ್ದ. ಪಂಪು ತನ್ನ ದೋಷವನ್ನು ಹೇಳುತ್ತಿದ್ದದ್ದೂ ಆ ಹಳದಿ ದೀಪದಲ್ಲಿಯೇ ಇರಬೇಕು. ಅದನ್ನು ನೋಡಬೇಡವೆಂದು ಹೇಳಿದವನು ತಾನೇ.

ಇದನ್ನೆಲ್ಲ, ಫೋನಿನಲ್ಲಿ ಮುಚ್ಚಳ ತೆಗೆಸಿದ್ದನ್ನೂ, ಆತನ ಬಾಯಿಂದ ಕೇಳಿದ ಚೌಡಕ್ಕ ಒಲೆ ಆರಿಸಿದಳು. "ಹೇಳಿದ್ರೆ ಅವನಿಗೆ ಕಣ್ಣು ಬರ್ತಾವೇನು? ಸುಮ್ನಿದ್ದುಬಿಡು."

"ಕಣ್ಣು ಬರಾಕಿಲ್ಲ. ಅವರವ್ವ ಬೈಯೋದಾದ್ರೂ ನಿಲ್ತತೆ."

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ, ದಾವಣಗೆರೆಯಲ್ಲಿ ಇಳಿದು ಇನ್ನೊಂದು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಜಗಳೂರು ಸೇರಿದ. ಯರ್ರಿಸ್ವಾಮಿ ಹೊಸ್ತಿಲ ಒಳಗಿನ ನೆರಳಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಕೆನ್ನೆಯ ಚರ್ಮ ಎಳೆದುಕೊಂಡು ನಗುವಿನಂತೆ ಕಾಣುತ್ತಿತ್ತು.

"ಹಾಲಣ್ಣ ಬಂದಾನೆ ನೋಡೋ," ಎನ್ನುತ್ತ ಕಾಟಮ್ಮ ಚಹಾ ತಂದಳು. "ನೀನಾದ್ರೂ ಬುದ್ಧಿ ಹೇಳಪ್ಪ. ಸುಡೋದನ್ನ ಸುಡ್ತತೆ ಅಂತ ತಿಳೀದ ಮಗನ್ನ ಹೆತ್ತೆ."

"ಬಿಡವ್ವ," ಎಂದ ಯರ್ರಿಸ್ವಾಮಿ. "ನಂದೇ ತಪ್ಪು ಅಂತ ಒಪ್ಪಿಕೊಂಡೀನಲ್ಲ."

ಹಾಲಸ್ವಾಮಿ ಚಹಾ ಮುಟ್ಟಲಿಲ್ಲ. ಜೇಬಿನಿಂದ ಥರ್ಮೋಸ್ಟಾಟ್ ತೆಗೆದು ಯರ್ರಿಸ್ವಾಮಿಯ ಅಂಗೈಯಲ್ಲಿಟ್ಟ. ಚೌಡಕ್ಕನ ಪಾತ್ರೆಯಿಂದ ಎಣ್ಣೆಯ ಬಾಣಲೆಯವರೆಗೆ, ಫೋನಿನಲ್ಲಿ ಮುಚ್ಚಳ ತೆಗೆ ಎಂದದ್ದನ್ನೂ ಸೇರಿಸಿ, ಎಲ್ಲವನ್ನೂ ಹೇಳಿದ. ಯರ್ರಿಸ್ವಾಮಿ ಬೆರಳುಗಳಿಂದ ಅದರ ಅಂಚನ್ನು ಸುತ್ತಿ ಸುತ್ತಿ ನೋಡುತ್ತಿದ್ದ.

"ಅಂದ್ರೆ ಇದು ಚಲೋ ಇತ್ತಾ?"

"ಚಲೋ ಇತ್ತು."

"ಆ ದೀಪ?"

"ಮೊದ್ಲು ನಾ ಹಾಕಿದ್ದಕ್ಕೆ ಉರೀತು. ಆಮೇಲೆ ಪಂಪಿಗೆ ಉರಿದಿರ್ತತೆ. ಎರಡಕ್ಕೂ ಅದೊಂದೇ ದೀಪ."

ಕಾಟಮ್ಮ ಬಗ್ಗಿ ಚಹದ ಲೋಟವನ್ನು ಎತ್ತಿಕೊಂಡಳು. ಇಷ್ಟು ಹೊತ್ತು ಅಪ್ಪಾ ಎನ್ನುತ್ತಿದ್ದವಳು, "ಏಳ್ರಿ, ಹೊರಗೆ ನಡೀರಿ," ಎಂದಳು.

"ತಡಿಯವ್ವ," ಎಂದ ಯರ್ರಿಸ್ವಾಮಿ. ಆತ ಧ್ವನಿ ಏರಿಸಲಿಲ್ಲ. ಮುಖವನ್ನು ಬೆಳಕಿದ್ದ ಕಡೆ, ಹಾಲಸ್ವಾಮಿ ಇರದ ಕಡೆ, ತಿರುಗಿಸಿದ. "ನೀನೂ ಕುಂತ್ಕ. ಪಕ್ಕದ ಮನೇರನ್ನೂ ಕರಿ. ಅವಸರಗೇಡಿ ಅಂತ ಓಣಿ ತುಂಬ ಹೇಳೀಯಲ್ಲ, ಅವ್ರೂ ಕೇಳ್ಲಿ. ಅಣ್ಣ, ಮೊದ್ಲಿಂದ ಹೇಳು."

ಕಾಟಮ್ಮ ಬಾಗಿಲಿಗೆ ಹೋಗಿ ಎರಡು ಮನೆಯವರನ್ನು ಕರೆದಳು. ಅವರು ಬಂದು ನಿಂತರು. ಹಾಲಸ್ವಾಮಿ ಮತ್ತೆ ಚೌಡಕ್ಕನ ಪಾತ್ರೆಯಿಂದ ಶುರು ಮಾಡಿದ.