ಅಮಾವಾಸ್ಯೆಯ ಅವಸರಕ್ಕೆ ಬಳಿದ ಡಾಂಬರು

2006ರಲ್ಲಿ ರಾಣೆಬೆನ್ನೂರಿನ ಪಿ.ಬಿ. ರಸ್ತೆಯ, ಅಂದರೆ ಪುಣೆ–ಬೆಂಗಳೂರು ಹೆದ್ದಾರಿಯ, ಮಗ್ಗುಲಿಗೆ ನನ್ನ ಗ್ಯಾರೇಜು ಇತ್ತು. ಎರಡು ರ‍್ಯಾಂಪು, ಒಂದು ವೆಲ್ಡಿಂಗ್ ಸೆಟ್ಟು, ನೀರು ಹೊಡೆಯುವ ಪಂಪು, ತಗಡಿನ ಚಪ್ಪರ. ಹೊಸರಿತ್ತಿಯಿಂದ ಬರಿಗೈಯಲ್ಲಿ ಬಂದು ಲಾರಿ ತೊಳೆಯುವುದರಿಂದ ಶುರು ಮಾಡಿದವನು ನಾನು. ಹೀಗಾಗಿ ವಾಹನಗಳನ್ನು ಮೊದಲು ಅಡಿಯಿಂದ ನೋಡಿ ಕಲಿತೆ. ಇವತ್ತಿಗೂ ಯಾರಾದರೂ ಹಳೆ ಕಾರು ತಂದು ‘ಹೆಂಗೈತ್ರಿ?’ ಎಂದು ಕೇಳಿದರೆ ಬಾನೆಟ್ ಎತ್ತುವುದಿಲ್ಲ, ಗೋಣಿಚೀಲ ಹಾಸಿಕೊಂಡು ಅಡಿಗೆ ಹೋಗುತ್ತೇನೆ. ಕೊಳ್ಳುವವರಿಗೂ ಅದನ್ನೇ ಹೇಳುತ್ತೇನೆ: ಹೊಟ್ಟೆ ನೋಡದೆ ರೇಟು ಮಾತಾಡಬೇಡಿ.

ಆ ವರ್ಷಗಳಲ್ಲಿ ನಮ್ಮ ಕಡೆ ಹಳೆ ಕಾರುಗಳಿಗೆ ಹೊಸ ಮರ್ಯಾದೆ ಬರತೊಡಗಿತ್ತು. ಅಜ್ಜ ಕೊಂಡ ಅಂಬಾಸಿಡರ್ ಕೊಟ್ಟಿಗೆಯಲ್ಲಿ ನಿಂತಿದ್ದರೆ ಮೊಮ್ಮಕ್ಕಳು ಅದನ್ನು ಹೊರಗೆಳೆದು ಬಣ್ಣ ಹೊಡೆಸುತ್ತಿದ್ದರು. ಬಣ್ಣದ ಜೊತೆಗೆ ಅಂಡರ್‌ಬಾಡಿ ಕೋಟಿಂಗ್ ಎಂಬ ಮಾತೂ ಊರಿಗೆ ಬಂತು. ಕಾರಿನ ತಳಕ್ಕೆ ನೀರು, ಕೆಸರು, ಜಲ್ಲಿ ತಾಗಿ ತುಕ್ಕು ಹಿಡಿಯದಂತೆ ಬಳಿಯುವ ದಪ್ಪ ಕಪ್ಪು ಲೇಪ ಅದು. ಒಳ್ಳೆಯದೇ. ನಾನೂ ಮಾಡುತ್ತೇನೆ, ದುಡ್ಡು ತೆಗೆದುಕೊಂಡೇ ಮಾಡುತ್ತೇನೆ. ಆದರೆ ಅದಕ್ಕೊಂದು ಕ್ರಮ ಇದೆ. ಮೊದಲು ಹಳೆ ಮಣ್ಣು, ಹಳೆ ತುಕ್ಕು ಕೆರೆದು ತೆಗೆಯಬೇಕು. ತೊಳೆದ ಮೇಲೆ ಬಿಸಿಲಿಗೆ ನಿಲ್ಲಿಸಿ ಮೂಲೆಮೂಲೆ ಒಣಗಿಸಬೇಕು. ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಅದು ಆರಿದ ಮೇಲೆ ಲೇಪ. ನೀರು ಹೊರಹೋಗಲೆಂದು ತಗಡಿನಲ್ಲಿ ಬಿಟ್ಟಿರುವ ಸಣ್ಣ ತೂತುಗಳನ್ನು ಮುಚ್ಚಬಾರದು. ಬ್ರೇಕ್ ಪೈಪಿನ ಮೇಲೆ ಮೆತ್ತಬಾರದು.

ಆದರೆ ಆಗಲೇ ಹೆದ್ದಾರಿಯನ್ನು ನಾಲ್ಕು ಲೇನ್ ಮಾಡುವ ಕೆಲಸ ನಡೆದಿತ್ತು. ರಸ್ತೆಯುದ್ದಕ್ಕೂ ಡಾಂಬರಿನ ಡ್ರಮ್ಮುಗಳು. ಅವುಗಳಲ್ಲಿ ಕೆಲವು ರಾತ್ರಿ ಕಳೆದು ಬೆಳಗಾಗುವುದರೊಳಗೆ ಎಲ್ಲಿಗೆ ಹೋಗುತ್ತಿದ್ದವು ಎಂಬುದು ಆ ರಸ್ತೆಯಲ್ಲಿ ದುಡಿಯುವ ನಮಗೆಲ್ಲ ಗೊತ್ತಿತ್ತು. ಪೆಟ್ರೋಲ್ ಬಂಕಿನ ಪಕ್ಕ ಬಣ್ಣದ ಛತ್ರಿ ನಿಲ್ಲಿಸಿ ‘ರಬ್ಬರ್ ಕೋಟಿಂಗ್ ಕ್ಯಾಂಪ್’ ಎಂದು ಬ್ಯಾನರ್ ಕಟ್ಟಿದ ಒಬ್ಬ, ಅದೇ ಡಾಂಬರಿಗೆ ಸೀಮೆಎಣ್ಣೆ ಬೆರೆಸಿ ಕಾರುಗಳಿಗೆ ಬಳಿಯುತ್ತಿದ್ದ. ಮೇಲೆ ಗ್ಯಾರಂಟಿ ಬೇರೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ವರ್ಷ ಆಷಾಢದ ಮಳೆಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಿವಪ್ಪ ಸಾಹುಕಾರರ ಅಂಬಾಸಿಡರನ್ನು ಟ್ರ್ಯಾಕ್ಟರಿಗೆ ಕಟ್ಟಿ ನನ್ನ ಗ್ಯಾರೇಜಿಗೆ ಎಳೆದು ತಂದರು. ಅರವತ್ತರ ದಶಕದ ಮಾರ್ಕ್ ಒನ್, ಹಾಲಿನ ಬಣ್ಣ, ಒಳಗೆ ಕೆಂಪು ಸೀಟು. ಮುಂದಿನ ಬಂಪರ್ ಬಾಗಿತ್ತು, ಜಾಲರಿಯಲ್ಲಿ ಕೆಮ್ಮಣ್ಣು ತುಂಬಿತ್ತು. ಸಾಹುಕಾರರ ತಾಯಿಯನ್ನು ಹಾವೇರಿಯ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ವಾಪಸ್ ಬರುವಾಗ, ಮೋಟೆಬೆನ್ನೂರು ಕ್ರಾಸಿನಲ್ಲಿ ಬ್ರೇಕ್ ಪೆಡಲ್ ಒಮ್ಮೆಗೇ ತಳಕ್ಕೆ ಹೋಗಿದೆ. ಎದುರಿಗೆ ಹೆಣ್ಣಾಳುಗಳನ್ನು ತುಂಬಿಕೊಂಡ ಟ್ರ್ಯಾಕ್ಟರ್. ಡ್ರೈವರ್ ಫಕ್ಕೀರಪ್ಪ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಸ್ತೆ ಕೆಲಸದವರು ಒಟ್ಟಿದ್ದ ಮಣ್ಣಿನ ಗುಡ್ಡೆಗೆ ಕಾರನ್ನು ನುಗ್ಗಿಸಿದ. ಯಾರೂ ಸಾಯಲಿಲ್ಲ. ಹಿಂದೆ ಕೂತಿದ್ದ ಮುದುಕಮ್ಮನ ಮಣಿಕಟ್ಟು ಮುರಿಯಿತು, ಅಷ್ಟೇ.

ಫಕ್ಕೀರಪ್ಪ ಕರ್ಜಗಿಯವನು. ಮೀಸೆ ಬರುವ ಮೊದಲೇ ಆ ಮನೆಗೆ ಸೇರಿ, ಮೀಸೆ ಬೆಳ್ಳಗಾಗುವ ತನಕ ಅದೊಂದೇ ಕಾರು ಓಡಿಸಿದವನು. ಅಪಘಾತದ ದಿನವೇ ಸಾಹುಕಾರರು ಅವನಿಂದ ಕೀಲಿ ಕಸಿದುಕೊಂಡು ಹೊರಗೆ ಹಾಕಿದರು. ಹಾಕಿದ್ದಷ್ಟೇ ಅಲ್ಲ, ಬ್ರೇಕ್ ಆಯಿಲ್ ಕೂಡ ನೋಡದ ಡ್ರೈವರ್ ಎಂದು ಮಾರ್ಕೆಟ್ಟಿನ ತುಂಬ ಸಾರಿದರು. ಬ್ಯಾಡಗಿಯಲ್ಲಿ ಹೇಳಿದ ಮಾತು ರಾಣೆಬೆನ್ನೂರು ತಲುಪಲು ಎಷ್ಟು ಹೊತ್ತು ಬೇಕು? ಅವನು ಇಲ್ಲಿಯ ಒಂದು ಬೀಜದ ಕಂಪನಿಗೆ ಕೆಲಸ ಕೇಳಲು ಹೋದರೆ ಗೇಟಿನಲ್ಲೇ ನಕ್ಕು ಕಳಿಸಿದರು. ಡ್ರೈವರನಿಗೆ ಇರುವ ಆಸ್ತಿ ಅವನ ಹೆಸರು ಒಂದೇ. ಅದು ಹೋದರೆ ಲೈಸೆನ್ಸು ಕಿಸೆಯಲ್ಲಿದ್ದೂ ಉಪಯೋಗವಿಲ್ಲ.

ಅಪಘಾತವಾಗಿ ನಾಲ್ಕೈದು ದಿನಕ್ಕೆ ಕಾರು ನನ್ನಲ್ಲಿಗೆ ಬಂದಿತ್ತು; ಆವತ್ತು ಸಾಹುಕಾರರೇ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಮನೆಯಲ್ಲಿ ತಾಯಿ ಹಟ ಹಿಡಿದಿದ್ದರಂತೆ. ಫಕ್ಕೀರ ಇರಲಿಲ್ಲ ಅಂದಿದ್ದರೆ ತಾನು ಉಳಿಯುತ್ತಿರಲಿಲ್ಲ, ಅವನನ್ನು ವಾಪಸ್ ಕರಿ ಎಂದು ದಿನವೂ ಜಗಳ.

“ಬಸಣ್ಣ, ಆಯಿಲ್ ಇರಲಿಲ್ಲ, ಅಂವ ನೋಡಿರಲಿಲ್ಲ. ಇಷ್ಟ ಮಾತು ನೀ ಅವ್ವನ ಮುಂದ ಹೇಳಿಬಿಡು. ನಿನ್ನ ಮಾತು ಆಕಿ ಕೇಳತಾಳ” ಎಂದರು.

“ಕಾರ್ ಇನ್ನೂ ಎತ್ತೇ ಇಲ್ಲಲ್ರಿ ಸಾವ್ಕಾರ್ರ. ನೋಡದ ಹೆಂಗ ಹೇಳ್ಲಿ?” ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ಗಿರಾಕಿ ದೊಡ್ಡವರು, ಅವರ ಗೋದಾಮಿನ ಲಾರಿಗಳೂ ನನ್ನ ಹತ್ತಿರವೇ ಬರುತ್ತಿದ್ದವು. ಅದನ್ನೂ ಒಮ್ಮೆ ನೆನಪಿಸಿ ಹೋದರು.

ಸಂಜೆ ಫಕ್ಕೀರಪ್ಪ ಬಂದ. ಚಹಾ ಕೊಟ್ಟರೆ ಕುಡಿಯಲಿಲ್ಲ. ಆಯಿಲ್ ಅಪಘಾತದ ವಾರವೇ ನೋಡಿದ್ದಾಗಿಯೂ, ತುಂಬ ಇತ್ತೆಂದೂ ಹೇಳಿದ. ನಿನ್ನ ಪರವಾಗಿ ಮಾತಾಡುತ್ತೇನೆ ಎಂದು ನಾನು ಹೇಳಹೊರಟರೆ ತಡೆದ.

“ನನ್ನ ಪರವಾಗಿ ಬ್ಯಾಡಣ್ಣ. ಕಾರ್ ಏನ್ ಹೇಳತೈತಿ, ಅದನ್ನ ಹೇಳು.”

ಮರುದಿನ ಬೆಳಕು ಚೆನ್ನಾಗಿರುವಾಗ ಕಾರನ್ನು ರ‍್ಯಾಂಪಿಗೆ ಏರಿಸಿದೆ. ತಳವೆಲ್ಲ ಮದುವಣಿಗನ ಬೂಟಿನ ಹಾಗೆ ಕಪ್ಪಗೆ ಮಿಂಚುತ್ತಿತ್ತು. ಗೊತ್ತಿಲ್ಲದವರು ನೋಡಿದರೆ ಎಷ್ಟು ಚಂದ ಕಾಪಾಡಿದ್ದಾರೆ ಎನ್ನಬೇಕು. ಉಗುರಿನಿಂದ ಕೆರೆದೆ. ಬೆರಳಿಗೆ ಮೆತ್ತಿಕೊಂಡ ಕಪ್ಪಿನಲ್ಲಿ ಮರಳು, ಜಲ್ಲಿಪುಡಿ. ರಬ್ಬರಿನ ಸುದ್ದಿಯೇ ಇಲ್ಲ, ಅಪ್ಪಟ ಡಾಂಬರು. ಬೇಸಿಗೆಯ ಕಾವಿಗೆ ಕರಗಿ ಇಳಿದು ನೀರಿನ ತೂತುಗಳನ್ನೆಲ್ಲ ಮುಚ್ಚಿತ್ತು. ಚಳಿಗೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಬಿರುಕಿನಿಂದ ಒಳಹೋದ ನೀರಿಗೆ ಹೊರಬರಲು ದಾರಿಯೇ ಇಲ್ಲ.

ಹಿಂದಿನ ಚಕ್ರದ ಕಡೆ ಹೋಗುವ ಬ್ರೇಕ್ ಪೈಪಿನ ಹಾದಿಯಲ್ಲಿ ಒಂದು ಜಾಗ ಒದ್ದೆಯಾಗಿತ್ತು. ಮೂಸಿ ನೋಡಿದೆ, ಬ್ರೇಕ್ ಆಯಿಲ್. ಸುತ್ತಲಿನ ತಗಡಿಗೂ ಸಿಡಿದಿತ್ತು. ಆಯಿಲ್ ದಿನದಿನಕ್ಕೆ ಕಡಿಮೆಯಾಗಿ ಖಾಲಿಯಾಗಿದ್ದರೆ ಹೀಗೆ ಸಿಡಿಯುವುದಿಲ್ಲ. ಪೈಪು ತುಂಬಿದ್ದಾಗ, ಪೆಡಲ್ ಒತ್ತಿದ ಜೋರಿಗೆ ಒಡೆದರೆ ಮಾತ್ರ ಹೀಗೆ ಚಿಮ್ಮುತ್ತದೆ. ಆ ಹಳೆ ಮಾದರಿಯಲ್ಲಿ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವುದು ಒಂದೇ ಸಾಲಿನಿಂದ. ಒಂದು ಕಡೆ ಒಡೆದರೆ ನಾಲ್ಕೂ ಕಡೆ ಬ್ರೇಕ್ ಇಲ್ಲ.

ಅಲ್ಲಿಗೆ ಕೈ ನಿಲ್ಲಿಸಿದೆ. ಉಳಿದದ್ದನ್ನು ಒಬ್ಬನೇ ಕೆರೆದರೆ ನಾಳೆ ನಾನೇ ಒಡೆದೆ ಎಂದಾರು. ಹಳೆ ವಾಹನದ ಕೆಲಸ ಮಾಡುವ ಹುಡುಗರೆಲ್ಲ ಇದನ್ನು ನೆನಪಿಡಬೇಕು: ಜಗಳದ ಗಾಡಿಯನ್ನು ಮಾಲೀಕ ಇಲ್ಲದಾಗ ಬಿಚ್ಚಬಾರದು.

ಮಧ್ಯಾಹ್ನ ಸಾಹುಕಾರರು ಮಗ ಮಹಾಂತೇಶನೊಂದಿಗೆ ಬಂದರು. ಅವರ ಕಣ್ಣೆದುರಿಗೇ ಆ ಜಾಗದ ಡಾಂಬರನ್ನು ಚಾಕುವಿನಿಂದ ಎಬ್ಬಿಸಿದೆ. ಕೆಳಗೆ ಎರೆಮಣ್ಣಿನ ಹೆಂಟೆ, ಇನ್ನೂ ಹಸಿ. ಮಣ್ಣು ತೆಗೆಯದೆ ಅದರ ಮೇಲೇ ಬಳಿದಿದ್ದ ಮಹಾರಾಯ. ಹೆಂಟೆ ಉದುರಿದಾಗ ಪೈಪು ಕಂಡಿತು. ಉಕ್ಕಿನ ಪೈಪು ಹಪ್ಪಳದ ಹಾಗೆ ಪದರು ಪದರಾಗಿ ಎದ್ದು, ನಡುವೆ ಒಡೆದಿತ್ತು.

ಮಹಾಂತೇಶನ ಮುಖ ಸಣ್ಣದಾಯಿತು. ಕೋಟಿಂಗ್ ಮಾಡಿಸಿದವನು ಅವನೇ. ಎರಡು ವರ್ಷದ ಹಿಂದೆ, ಮಹಾನವಮಿಗೆ ಮುಂಚೆ ಬರುವ ಅಮಾವಾಸ್ಯೆಯ ಹಿಂದಿನ ದಿನ. ಬೆಳಿಗ್ಗೆ, ಮರುದಿನದ ಪೂಜೆಗೆಂದು, ಫಕ್ಕೀರಪ್ಪ ಕಾರಿನ ತಳದವರೆಗೂ ನೀರು ಹೊಡೆದು ತೊಳೆದಿದ್ದ. ಅದೇ ದಿನ ಮಹಾಂತೇಶ ಅದನ್ನು ಕ್ಯಾಂಪಿಗೆ ಒಯ್ದ. ಒಣಗಲು ಬಿಡಿ ಎಂದು ಫಕ್ಕೀರಪ್ಪ ಹೇಳಿದರೆ, ನೀನು ಸ್ಟೇರಿಂಗ್ ನೋಡಿಕೋ ಎಂದು ಬೈಸಿಕೊಂಡ. ಏಕೆಂದರೆ ಅಮಾವಾಸ್ಯೆಯ ದಿನ ಮನೆಯ ವಾಹನ ಹೊರಗೆ ನಿಲ್ಲಬಾರದು ಎಂಬುದು ಅವರ ಮನೆಯ ಪದ್ಧತಿ. ಪದ್ಧತಿಗೆ ನನ್ನ ತಕರಾರಿಲ್ಲ. ನಾನೂ ಅಮಾವಾಸ್ಯೆಗೆ ಪಂಪಿಗೆ ಕಾಯಿ ಒಡೆಯುವವನೇ. ಕೆಲಸವನ್ನು ಅಮಾವಾಸ್ಯೆ ಕಳೆದ ಮೇಲೆ ಕೊಡಬಹುದಿತ್ತಲ್ಲ, ಅದು ನನ್ನ ತಕರಾರು.

“ಗ್ಯಾರಂಟಿ ಕೊಟ್ಟಾರ್ರಿ. ರಬ್ಬರ್ ಕೋಟಿಂಗ್ ಅದು” ಎಂದ ಮಹಾಂತೇಶ.

“ರಬ್ಬರ್ ಅಲ್ಲ ತಮ್ಮಾ, ನಾಕ್ ಲೇನ್ ರಸ್ತೆ ಇದು. ನಿಮ್ಮ ಕಾರ್ ರಸ್ತೇನ ಹೊಟ್ಟಿಗೆ ಕಟ್ಗೊಂಡು ಅಡ್ಡಾಡೈತಿ.”

ಸಾಹುಕಾರರು ಪೈಪನ್ನೇ ನೋಡುತ್ತಿದ್ದರು. ನಾನು ಅವರ ಕಡೆ ತಿರುಗಿದೆ.

“ಸಾವ್ಕಾರ್ರ, ಹಸೀ ಕಾಯಿ ಚೀಲಕ್ಕ ತುಂಬಿ ಬಾಯಿ ಹೊಲದ್ರ ಏನಾಗತೈತ್ರಿ?”

“ನಡುವ ಬೂಸು ಹಿಡೀತೈತಿ.”

“ನೀವು ಖರೀದಿ ಮಾಡೂಮುಂದ ಚೀಲದ ಬಾಯಿ ನೋಡತೀರೋ, ನಡುವ ಕೈ ಹಾಕತೀರೋ?”

ಅವರು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೊಣಕೈತನಕ ಚೀಲದೊಳಗೆ ಕೈ ತೂರಿಸಿ ಕಾಯಿ ತೆಗೆದು ಮೂಸುವ ಮನುಷ್ಯ. ಬೇರೆ ಹೇಳುವ ಅಗತ್ಯ ಇರಲಿಲ್ಲ. ಆದದ್ದಾಯಿತು, ಹೊಸ ಪೈಪು ಹಾಕು, ಅವ್ವನಿಗೆ ನಾನೇ ಹೇಳಿಕೊಳ್ಳುತ್ತೇನೆ ಎಂದರು.

ನನಗೆ ಸಿಟ್ಟು ನೆತ್ತಿಗೇರಿದ್ದು ಆಗಲೇ. ಡಾಂಬರಿನವನ ಮೇಲೆ ಬಂದ ಸಿಟ್ಟಿಗಿಂತ ಇದು ಹೆಚ್ಚು. ಸುಳ್ಳನ್ನು ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಹೇಳಿ, ಖರೆಯನ್ನು ಮನೆಯ ಪಡಸಾಲೆಯಲ್ಲಿ ಮೆಲ್ಲಗೆ ಹೇಳಿ ಮುಗಿಸುವ ಲೆಕ್ಕ. ಫಕ್ಕೀರಪ್ಪನ ಹೆಸರು ಬೀದಿಯಲ್ಲೇ ಉಳಿಯಬೇಕೇ?

ಚೌಕಾಶಿ ನನ್ನ ಕಸುಬು. ಯಾವುದನ್ನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಲಾರಿ ಮಾಲೀಕರ ಕೂಡ ಜಗಳಾಡಿಯೇ ಕಲಿತಿದ್ದೇನೆ. ನಾಗರ ಅಮಾವಾಸ್ಯೆ ಹತ್ತಿರ ಬಂದಿತ್ತು. ಕಾರು ಅಷ್ಟರೊಳಗೆ ಮನೆಗೆ ಬೇಕು ಎಂದರು ಸಾಹುಕಾರರು. ನಾನು ಆಯಿತೆಂದೆ. ಡಾಂಬರನ್ನೆಲ್ಲ ಕೆರೆದು, ಒಣಗಿಸಿ, ಹೊಸ ಪೈಪು ಹಾಕಿ, ಪ್ರೈಮರ್ ಹೊಡೆದು ಕೊಡುತ್ತೇನೆ; ಅಮಾವಾಸ್ಯೆ ದಿನ ಮುಂಜಾನೆ ನೀವೇ ಬರಬೇಕು, ಫಕ್ಕೀರಪ್ಪನೂ ಬರುತ್ತಾನೆ, ನಿಂತ ಜನರ ಎದುರಿಗೆ ತಪ್ಪು ಅವನದಲ್ಲ ಎಂದು ಹೇಳಿ ಕೀಲಿ ಅವನ ಕೈಗೆ ಕೊಡಬೇಕು. ಇಲ್ಲವಾದರೆ ನನ್ನ ಕೆಲಸದ ಕೂಲಿಯೂ ಬೇಡ, ಬ್ರೇಕ್ ಇಲ್ಲದ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೋಗಿ ಎಂದೆ.

ಮಹಾಂತೇಶ ಬೇರೆ ಗ್ಯಾರೇಜುಗಳ ಹೆಸರು ಹೇಳಿದ. ಒಯ್ಯಿ ಎಂದೆ. ಲಾರಿಗಳೂ ಬೇರೆ ಕಡೆ ಹೋಗುತ್ತವೆ ಎಂದ. ಹೋಗಲಿ ಎಂದೆ. ಸಾಹುಕಾರರು ಮಗನನ್ನು ಕರೆದುಕೊಂಡು ಹೋದರು. ಕಾರು ಮಾತ್ರ ರ‍್ಯಾಂಪಿನ ಮೇಲೆಯೇ ಉಳಿಯಿತು. ಆಮೇಲೆ ತಿಳಿಯಿತು, ಕೈಗೆ ಪ್ಲಾಸ್ಟರ್ ಹಾಕಿಕೊಂಡ ಮುದುಕಮ್ಮ ಫಕ್ಕೀರ ತಂದರೆ ಮಾತ್ರ ಕಾರಿಗೆ ಆರತಿ, ಬೇರೆಯವರು ತಂದರೆ ಅಂಗಳಕ್ಕೇ ಬರುವುದಿಲ್ಲ ಎಂದು ಕೂತಿದ್ದರಂತೆ.

ಅಮಾವಾಸ್ಯೆಯ ಮುಂಜಾನೆಯನ್ನೇ ನಾನು ಗೊತ್ತುಮಾಡಿದ್ದಕ್ಕೆ ಕಾರಣ ಇತ್ತು. ಆವತ್ತು ಗಾಡಿ ತೊಳೆಸಲು ಸುತ್ತಲಿನ ಡ್ರೈವರುಗಳೆಲ್ಲ ನನ್ನ ಅಂಗಳದಲ್ಲಿ ಇರುತ್ತಾರೆ. ಬೀಜದ ಕಂಪನಿಯ ಜೀಪಿನವರು, ಮಾರ್ಕೆಟ್ಟಿನ ಲಾರಿಯವರು, ಬ್ಯಾಡಗಿಯ ಟೆಂಪೊದವರು. ಯಾರ ಕಿವಿಗೆ ಸುಳ್ಳು ಬಿದ್ದಿತ್ತೋ ಅವರೇ.

ಸಾಹುಕಾರರು ಬಂದರು. ಕೈಯಲ್ಲಿ ಹಾರ, ನಿಂಬೆಹಣ್ಣು. ಮಗ ಬರಲಿಲ್ಲ. ಕೆಲಸ ಮುಗಿಸಿ ಅಂಗಳಕ್ಕೆ ಇಳಿಸಿದ್ದ ಕಾರಿನ ಪಕ್ಕ ನಿಂತು ಮೆಲ್ಲಗೆ ಏನೋ ಅಂದರು. ಹಿಂದಿನಿಂದ ಒಬ್ಬ ಲಾರಿ ಡ್ರೈವರ್, “ಪಂಪಿನ ಸಪ್ಪಳಕ್ಕ ಕೇಳವಲ್ದರಿ ಸಾವ್ಕಾರ್ರ, ಜರಾ ಜೋರಾಗಿ ಹೇಳ್ರಿ” ಎಂದ. ಮಾರ್ಕೆಟ್ಟಿನಲ್ಲಿ ಜೋರಾಗೇ ಕೇಳಿಸಿತ್ತಲ್ಲ ಎಂದು ಇನ್ನೊಬ್ಬ ಸೇರಿಸಿದ. ನಾನು ಹೋಗಿ ಪಂಪು ಬಂದ್ ಮಾಡಿದೆ.

“ಫಕ್ಕೀರಪ್ಪಂದು ತಪ್ಪಿಲ್ಲ,” ಎಂದರು ಸಾಹುಕಾರರು, ಈ ಸಲ ಎಲ್ಲರಿಗೂ ಕೇಳುವಂತೆ. “ನಮ್ಮ ಮನ್ಯಾಗ ಮಾಡಿಸಿದ ಡಾಂಬರದಾಗ ಪೈಪ್ ಕೊಳತಿತ್ತು. ಅಂವ ಇದ್ದದ್ದಕ್ಕ ನಮ್ಮವ್ವ ಉಳದಾಳ.”

ಕೀಲಿ ಚಾಚಿದರು. ಫಕ್ಕೀರಪ್ಪ ತೆಗೆದುಕೊಂಡ. ಆದರೆ ಸೀಟಿನಲ್ಲಿ ಕೂರಲಿಲ್ಲ. ನನ್ನ ಗೋಣಿಚೀಲ ಎಳೆದು ಹಾಸಿ, ಬ್ಯಾಟರಿ ಲೈಟು ಹಿಡಿದು ಕಾರಿನ ಅಡಿಗೆ ಹೋದ. ಸಾಹುಕಾರರು ನಿಂಬೆಹಣ್ಣು ಹಿಡಿದುಕೊಂಡು ಕಾದರು. ಕೊನೆಗೆ ಅವರೂ ಧೋತರದ ಚುಂಗು ಸೊಂಟಕ್ಕೆ ಸಿಗಿಸಿ, ಕೆಸರಿನಲ್ಲಿ ಮೊಣಕಾಲೂರಿ ಬಗ್ಗಿದರು.

“ಏನ್ ಕಾಣತೈತೋ?” ಎಂದು ಕೇಳಿದರು.

“ಪೈಪ್ ಕಾಣತೈತ್ರಿ” ಎಂದ ಫಕ್ಕೀರಪ್ಪ ಅಡಿಯಿಂದ.

ಆ ಡಾಂಬರಿನವನು ಸಿಗಲಿಲ್ಲ. ರಸ್ತೆ ಕೆಲಸ ಮುಂದೆ ಸರಿದ ಹಾಗೆ ಅವನ ಛತ್ರಿಯೂ ಮುಂದೆ ಸರಿಯಿತು. ಎಷ್ಟು ಕಾರುಗಳ ಹೊಟ್ಟೆಗೆ ಬಳಿದನೋ, ಅವುಗಳಲ್ಲಿ ಯಾರು ಯಾರು ಕೂತು ಅಡ್ಡಾಡಿದರೋ, ಯಾವ ಡ್ರೈವರ್ ಬೈಸಿಕೊಂಡನೋ ನನಗೆ ಗೊತ್ತಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಿಮ್ಮ ಹಳೆ ಕಾರಿಗೆ ಯಾರಾದರೂ ಕೋಟಿಂಗ್ ಮಾಡುತ್ತೇನೆಂದು ಬಂದರೆ, ಏನು ಬಳಿಯುತ್ತೀ ಎಂದು ಆಮೇಲೆ ಕೇಳಿ. ಏನೇನು ಕೆರೆಯುತ್ತೀ, ಎಷ್ಟು ದಿನ ಒಣಗಿಸುತ್ತೀ ಎಂದು ಮೊದಲು ಕೇಳಿ. ಅವಸರ ನಿಮ್ಮದೇ ಆಗಿದ್ದರೆ ಕೆಲಸವನ್ನೇ ಮುಂದೆ ಹಾಕಿ. ಆ ಅಂಬಾಸಿಡರಿನ ನಂತರ ನಾನು ಲೇಪ ಬಳಿದ ಪ್ರತಿ ಕಾರಿನಲ್ಲೂ ಬ್ರೇಕ್ ಪೈಪಿನ ಹಾದಿಯನ್ನು ಬರಿದಾಗಿ ಬಿಟ್ಟಿದ್ದೇನೆ. ನೋಡಲು ಚಂದ ಇಲ್ಲ ಎಂದು ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ. ಬಗ್ಗಿ ನೋಡಿದವನಿಗೆ ಪೈಪು ಕಾಣಬೇಕು.