ಸೀರೆಗೆ ಬೆಳಗಿನ ಹೆಸರು, ಸಂಜೆಯ ಹೆಸರು

ನಮ್ಮ ಅಂಗಡಿಯ ಹಳೆಯ ಕಂಪ್ಯೂಟರಿಗೆ ಒಂದು ವಾಸನೆ ಇದೆ. ಚಾಲೂ ಮಾಡಿ ಒಂದಿಷ್ಟು ಹೊತ್ತಾದ ಮೇಲೆ ಒಳಗಿನ ಧೂಳು ಬಿಸಿಯಾಗಿ ಬರುವ ವಾಸನೆ. ಕಡ್ಲೆಕಾಯಿ ಹುರಿಯುವವರು ಮೊದಲು ಬಾಣಲೆಗೆ ಬರೀ ಮರಳು ಹಾಕಿ ಕಾಯಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ. ನೀವು ಚಳ್ಳಕೆರೆ ಕಡೆಯವರಾದರೆ ಇಷ್ಟು ಹೇಳಿದರೆ ಸಾಕು, ಮೂಗಿಗೆ ಬಂದುಬಿಡುತ್ತದೆ. ಇವತ್ತು ಬೆಳಿಗ್ಗೆ ಆ ವಾಸನೆ ಬಂದಾಗ ನಾನು ಲೆಕ್ಕದ ಸಾಫ್ಟ್‌ವೇರಿನಿಂದ ಹಳೆಯ ಸೀರೆಗಳ ಹೆಸರು ಅಳಿಸುತ್ತಾ ಕೂತಿದ್ದೆ. ಒಂದು ಹೆಸರಿನ ಮೇಲೆ ಬಂದು ಗುಂಡಿ ಒತ್ತಿದರೆ, ಅಳಿಸಲೋ ಬೇಡವೋ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ನನ್ನ ಇಂಗ್ಲಿಷಿಗೆ ನಿಲುಕುವ ಪ್ರಶ್ನೆ ಅದು. ಹೌದು ಅನ್ನುತ್ತೇನೆ. ಹೆಸರು ಹೋಗುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಎಷ್ಟೋ ದಿನದಿಂದ ಬಿಡುವಾದಾಗಲೆಲ್ಲ ಇದೇ ಕೆಲಸ. ಇನ್ನು ಕೊನೆಯ ಒಂದು ಪುಟ ಉಳಿದಿತ್ತು.

ಅಂಗಡಿ ಇರುವುದು ಮೊಳಕಾಲ್ಮೂರಿನಲ್ಲಿ, ರೇಷ್ಮೆ ಸೀರೆಯದು. ನಾನು ಚಳ್ಳಕೆರೆಯವನು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಮೊದಲು ನಮ್ಮೂರಿನ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ. ಅಕ್ಷರ ಕಲಿತದ್ದು ತಡವಾಗಿ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಹೋದಾಗ ಹುಡುಗರು ನನ್ನ ಮೀಸೆ ನೋಡಿ ಮೇಷ್ಟ್ರು ಬಂದರೆಂದು ಎದ್ದು ನಿಂತಿದ್ದರು. ಪಾಸಾದ ಮೇಲೆ ಇನ್ನು ಮೂಟೆ ಹೊರಬಾರದು ಅನ್ನುವ ಜಂಬ ಬಂತು. ಆ ಜಂಬವನ್ನೇ ಹೊತ್ತುಕೊಂಡು ಬಂದು ರುದ್ರಮ್ಮನವರ ಅಂಗಡಿ ಬಾಗಿಲಲ್ಲಿ ನಿಂತೆ.

ರುದ್ರಮ್ಮನವರು ಅಂಗಡಿಯ ಯಜಮಾನಿ. ತವರು ಕುದಾಪುರದ ಪಕ್ಕ. ಗಂಡ ತೀರಿಕೊಂಡ ಮೇಲೆ ವ್ಯಾಪಾರವನ್ನು ಒಬ್ಬರೇ ನಡೆಸಿಕೊಂಡು ಬಂದವರು. ಯಾರೋ ಹೇಳಿದರೆಂದು ಕಂಪ್ಯೂಟರು ತರಿಸಿದ್ದರು, ಮುಟ್ಟುವವರು ಯಾರೂ ಇರಲಿಲ್ಲ.

“ಟೈಪ್ ಹೊಡಿಯಾಕೆ ಬರ್ತೈತಾ?” ಎಂದು ಕೇಳಿದರು.

“ಬರ್ತೈತ್ರಿ. ಸ್ವಲ್ಪ ನಿಧಾನ.”

“ನಿಧಾನ ಆದ್ರೇನು, ಸೀರೆ ಏನ್ ಓಡಿ ಹೋಗ್ತೈತಾ?”

ಓಡಿ ಹೋದದ್ದು ಸೀರೆಯಲ್ಲ, ಗಿರಾಕಿ. ಮೊದಲ ದಿನವೇ ಅವರು ಹೇಳಿದ ಹೆಸರು, ‘ಕಡ್ಲೆಬೀಜದ ಸಿಪ್ಪೆ’. ಡಕಾರಕ್ಕೆ ಲಕಾರದ ಒತ್ತು ಎಲ್ಲಿದೆ ಎಂದು ನಾನು ಕೀಲಿಮಣೆಯ ಮೇಲೆ ಹುಡುಕುತ್ತಿದ್ದಾಗ, ಬಿಲ್ಲಿಗೆ ಕಾದಿದ್ದವರು ಟೀ ಕುಡಿದು ಬರುತ್ತೇವೆಂದು ಹೊರಟರು. ಸೀರೆ ತಂದುಕೊಟ್ಟು ಅಲ್ಲೇ ಕೂತಿದ್ದ ನೇಕಾರ ನಾರಾಯಣಪ್ಪ, ಮನೆಯಲ್ಲಿ ತೆಲುಗು ಆಡುವವನು, ನಕ್ಕು ಹೇಳಿದ: “ಏಮಯ್ಯಾ ಚಳ್ಳಕೆರೆ, ನೀನು ಈ ಹೆಸ್ರು ಹೊಡಿಯೋ ಹೊತ್ತಿಗೆ ನಾನು ಇನ್ನೊಂದ್ ಸೀರೆ ನೇಯ್ದು ತರ್ತಿದ್ದೆ.” ಅವತ್ತಿನಿಂದ ಅಂಗಡಿಯಲ್ಲಿ ನನ್ನ ಹೆಸರು ಚಳ್ಳಕೆರೆ ಎಂದೇ ಆಯಿತು.

ಬಣ್ಣದ ವಿಷಯದಲ್ಲಿ ನಾನು ಎಷ್ಟು ಬಡವ ಎಂದು ನಿಮಗೆ ಹೇಳಬೇಕು. ನಮ್ಮೂರು ಕಂಬಳಿಗೆ ಹೆಸರಾದದ್ದು. ಕಂಬಳಿಗೆ ಕುರಿ ಕೊಟ್ಟಷ್ಟೇ ಬಣ್ಣ: ಕರಿ, ಬಿಳಿ, ಎರಡರ ನಡುವಿನದು ಒಂದಿಷ್ಟು. ಹಾಗೆ ಬೆಳೆದವನ ಮುಂದೆ ರುದ್ರಮ್ಮನವರು ಸೀರೆ ಬಿಚ್ಚಿ ಹಿಡಿದು ಒಂದೊಂದೇ ಹೆಸರು ಹೇಳುತ್ತಿದ್ದರು. ಹುಣಸೆ ಚಿಗುರು. ಹಸಿ ಅರಿಶಿನ. ತಂಗಡಿ ಹೂವು. ಸೀತಾಫಲದ ಬೀಜ. ಹೊಸ ಮಡಿಕೆ. ಕಂಪನಿಯವರ ಬಣ್ಣದ ಪಟ್ಟಿ ಗೋಡೆಯ ಮೇಲೆ ನೇತಾಡುತ್ತಿತ್ತು, ಅವರು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಒಂದು ಬೂದುಗಂದು ಸೀರೆ ವರ್ಷವಾದರೂ ಯಾರಿಗೂ ಬೇಡವಾಗಿತ್ತು. ಅದಕ್ಕೆ ಅವರು ಪಕ್ಕದ ದೇವರ ಬೆಟ್ಟವನ್ನು ನೆನೆದು ‘ಜಟಿಂಗದ ಬಂಡೆ’ ಎಂದು ಹೆಸರಿಟ್ಟರು. ಆ ವಾರ ಬಂದ ಹೆಂಗಸೊಬ್ಬಳು ಹೆಸರು ಕೇಳಿ, “ಸ್ವಾಮಿ ಬೆಟ್ಟದ್ದಾ? ಕೊಡ್ರವ್ವ ಮತ್ತೆ,” ಎಂದು ಕಣ್ಣಿಗೊತ್ತಿಕೊಂಡು ಒಯ್ದಳು. ಆಮೇಲೆ ಅದೇ ಬೇಕೆಂದು ಕೇಳುವವರು ಬಂದರು, ನಾರಾಯಣಪ್ಪ ಮತ್ತೆ ನೇಯ್ದ.

ಈ ಹೆಸರುಗಳನ್ನು ಹೊಡೆದು ಹೊಡೆದೇ ನಾನು ಕನ್ನಡ ತಿದ್ದಿಕೊಂಡೆ. ಶಾಲೆಯಲ್ಲಿ ಬಾರದ ಒತ್ತಕ್ಷರಗಳೆಲ್ಲ ಸೀರೆಯಲ್ಲಿ ಬಂದವು. ಆದರೆ ಲೆಕ್ಕ ಮಾತ್ರ ತಪ್ಪುತ್ತಿತ್ತು. ಯಾಕೆಂದು ಕೇಳಿ. ಇಲ್ಲಿನ ಎಷ್ಟೋ ಸೀರೆಗಳಲ್ಲಿ ಉದ್ದದ ಎಳೆ ಒಂದು ಬಣ್ಣ, ಅಡ್ಡದ ಎಳೆ ಇನ್ನೊಂದು ಬಣ್ಣ. ಉದ್ದದ್ದು ಹಾಸು, ಅಡ್ಡದ್ದು ಹೊಕ್ಕು. ಬೆಳಕು ತಿರುಗಿದಂತೆ ಸೀರೆಯೂ ತಿರುಗುತ್ತದೆ. ಅಂಗಡಿಯ ಬಾಗಿಲು ದಕ್ಷಿಣಕ್ಕಿದೆ. ಬೆಳಿಗ್ಗೆ ಒಂದು ಪಕ್ಕದ ಬಿಸಿಲು, ಸಂಜೆ ಇನ್ನೊಂದು ಪಕ್ಕದ್ದು. ನೇಕಾರರು ಸೀರೆ ತರುವುದು ಬೆಳಿಗ್ಗೆ. ಆಗ ರುದ್ರಮ್ಮನವರಿಗೆ ಕಂಡ ಹೆಸರಿನಲ್ಲಿ ಅದು ಒಳಗೆ ಬರುತ್ತಿತ್ತು. ಗಿರಾಕಿ ಕೊಳ್ಳುವುದು ಸಂಜೆ. ಆಗ ಕಂಡ ಹೆಸರಿನಲ್ಲಿ ಅದು ಹೊರಗೆ ಹೋಗುತ್ತಿತ್ತು. ಎರಡೂ ಹೆಸರನ್ನು ನಾನು ಭಕ್ತಿಯಿಂದ ಹೊಡೆಯುತ್ತಿದ್ದೆ.

ಈಗ ಅಂಗಡಿ ನೋಡಿಕೊಳ್ಳುವುದು ಅವರ ಮೊಮ್ಮಗ ಪ್ರಶಾಂತ. ದಾವಣಗೆರೆಯಲ್ಲಿ ಬಿ.ಕಾಂ. ಓದಿ ಬಂದವನು, ಚುರುಕು, ಒಳ್ಳೆಯವನು. ಬಂದವನೇ ಸಾಫ್ಟ್‌ವೇರು ತೆಗೆದು ನೋಡಿ ಹಣೆ ಹಿಡಿದುಕೊಂಡ.

“ಅಣ್ಣಾ, ಇಲ್ನೋಡು. ತಂಗಡಿ ಹೂವು ಮೈನಸ್ ಐತೆ. ಇಲ್ಲದ್ ಸೀರೆನ ಹೆಂಗ್ ಮಾರಿದ್ರಿ?”

“ಅದು ಬೆಳಿಗ್ಗೆ ಹಸಿ ಅರಿಶಿನ ಅಂತ ಬಂದಿತ್ತಪ್ಪ. ಸಂಜೆಗೆ ತಂಗಡಿ ಆತು.”

“ಆತು ಅಂದ್ರೆ? ಬೀರುನಾಗೇ ಹೂವು ಬಿಡ್ತಾ?”

ಆಡಿಟರಿಗೆ ಇದನ್ನು ಹೇಳುವುದು ಹೇಗೆ ಎಂದು ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಇನ್ನು ಮೇಲೆ ಪ್ರತಿ ಸೀರೆಗೂ ಚೀಟಿ, ಚೀಟಿಗೊಂದು ನಂಬರು, ಬಣ್ಣಕ್ಕೆ ಇಂಗ್ಲಿಷಿನ ಒಂದು ಮಾತು ಎಂದಾಯಿತು. ಹಳೆಯ ವರ್ಷಗಳ ಲೆಕ್ಕವನ್ನು ಪೆನ್‌ಡ್ರೈವಿಗೆ ಹಾಕಿ ಬೀಗದೊಳಗಿಟ್ಟ. ಉಳಿದ ಹೆಸರುಗಳನ್ನು ಅಳಿಸುವ ಕೆಲಸ ನನ್ನ ಪಾಲಿಗೆ ಬಂತು.

ನನಗೆ ಕಷ್ಟವಾದದ್ದು ಅಳಿಸುವುದಲ್ಲ. ರುದ್ರಮ್ಮನವರಿಗೆ ಈಗ ಕಣ್ಣು ಕಾಣುವುದಿಲ್ಲ. ಕಣ್ಣಿನ ನರ ಒಣಗಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ಹೇಳಿ ಕೆಲವು ವರ್ಷಗಳಾದವು. ಆಮೇಲೂ ನೇಕಾರರು, ಗಿರಾಕಿಗಳು ಅವರಿಟ್ಟ ಹೆಸರನ್ನೇ ಹೇಳುತ್ತಿದ್ದರು, ನಾನು ಹೊಡೆಯುತ್ತಿದ್ದೆ. ಮನೆ ಅಂಗಡಿಯ ಹಿಂದೇ ಇದೆ. ಸಂಜೆ ಬಸ್ಸಿಗೆ ಹೋಗುವ ಮುಂಚೆ ನಾನು ಅವರ ಹತ್ತಿರ ಒಂದು ಗಳಿಗೆ ಕೂತು ಅವತ್ತು ಮಾರಿದ್ದನ್ನು ಹೇಳಿ ಹೋಗುವುದು ರೂಢಿ.

“ಏನೇನ್ ಹೋತಲೇ ಚಳ್ಳಕೆರೆ?”

“ಹುಣಸೆ ಚಿಗುರು ಒಂದ್ರಿ ಅಮ್ಮಾರೆ. ಜಟಿಂಗದ ಬಂಡೆ ಒಂದು.”

“ಬಂಡೆ ಯಾರ್ ಒಯ್ದ್ರು?”

“ರಾಂಪುರದ ಕಡೆಯವ್ರು. ಮದುವೆ ಹೆಣ್ಣಿಗಂತೆ.”

“ಹುಡುಗಿ ಕೆಂಪಗಿದ್ರೆ ಒಪ್ತೈತೆ,” ಅನ್ನುವರು. ಅನ್ನುವಾಗ ಅವರ ಕೈ ತೊಡೆಯ ಮೇಲೆ ಇಲ್ಲದ ನೆರಿಗೆಯನ್ನು ತಿದ್ದುತ್ತಿತ್ತು. ನಾನು ಒಂದೊಂದು ಹೆಸರು ಹೇಳಿದಂತೆ ಅವರಿಗೆ ಅಂಗಡಿ ಕಾಣುತ್ತಿತ್ತು. ಬೇರೆ ಏನನ್ನೂ ಅವರು ನೋಡುತ್ತಿರಲಿಲ್ಲ.

ನಂಬರು ಬಂದ ಮೊದಲ ಸಂಜೆ ನಾನು ಚೀಟಿಯಲ್ಲಿದ್ದಂತೆ ಹೇಳಿದೆ. “ನಾನೂರ ಹನ್ನೆರಡು ಹೋತ್ರಿ. ಪಿಂಕು.”

“ಪಿಂಕ್ ಅಂದ್ರೆ? ಕಡ್ಲೆಬೀಜದ ಸಿಪ್ಪೇನಾ, ಈರುಳ್ಳಿ ಸಿಪ್ಪೇನಾ, ಕಣಗಿಲೆ ಹೂವಾ?”

“ಅದೇ... ಪಿಂಕ್ರಿ ಅಮ್ಮಾರೆ.”

ಅವರ ಕೈ ತೊಡೆಯ ಮೇಲೆ ಸುಮ್ಮನೆ ಇತ್ತು. “ಹೋಗ್ಲಿ ಬಿಡು. ಮಾರಾಟ ಆತಲ್ಲ,” ಅಂದರು.

ಅದಾದ ಮೇಲೆ ಒಂದೆರಡು ದಿನ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟರು. ನಾನು ಹೋದರೆ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು, ನಿದ್ದೆ ಬಂದಿರುತ್ತಿರಲಿಲ್ಲ. ಪ್ರಶಾಂತನಿಗೂ ಅದು ಗೊತ್ತಾಯಿತು.

“ಅಜ್ಜಿ ಅಂಗಡಿ ಸುದ್ದಿನೇ ಎತ್ತಲ್ವಲ್ಲಣ್ಣ. ಮೈಗೆ ಹುಷಾರಿಲ್ವಾ?”

ನಾನು ಇದ್ದದ್ದನ್ನು ಹೇಳಿದೆ. ಅವನು ಚೀಟಿಗಳನ್ನು ತಿರುವಿ ನೋಡಿದ. “ಸಾಫ್ಟ್‌ವೇರಿಗೆ ನಂಬರೇ ಬೇಕು, ಅದನ್ನ ಬಿಡಾಕೆ ಆಗಲ್ಲ. ನೀನು ಹಳೇ ಹೆಸ್ರು ಹಾಳೆ ಮೇಲೆ ಬರ್ಕೋ. ಯಾವ್ ಸೀರೆ ಹೋದ್ರೆ ಆ ಹೆಸ್ರು ಅಜ್ಜಿಗೆ ಹೇಳು. ಇಷ್ಟು ವರ್ಷ ಹೊಡ್ದಿದ್ದೀಯ, ನಿನಗೆ ಗೊತ್ತಿರಲ್ವಾ?”

ಗೊತ್ತಿದೆ ಎಂದೇ ನಾನೂ ಅಂದುಕೊಂಡಿದ್ದೆ. ಹಾಳೆ ಹಿಡಿದು ಬೀರುವಿನ ಮುಂದೆ ನಿಂತಾಗ ಬಂಡವಾಳ ಬಯಲಾಯಿತು. ಹುಣಸೆ ಚಿಗುರು ಅನ್ನುವುದರಲ್ಲಿ ಒಂದೂ ಒತ್ತಕ್ಷರ ಇಲ್ಲ ಎಂದು ನನಗೆ ಗೊತ್ತು. ಅದು ಈ ಹಸಿರೋ ಆ ಹಸಿರೋ ಗೊತ್ತಿಲ್ಲ. ಅವರು ಹೇಳುವಾಗ ನನ್ನ ಕಣ್ಣು ಯಾವತ್ತೂ ಕೀಲಿಮಣೆಯ ಮೇಲೇ ಇತ್ತು. ಕಣ್ಣಿರುವ ನಾನು ಕಣ್ಣಿಲ್ಲದವರಿಗೆ ಇಷ್ಟು ದಿನ ನೋಡದ ಸೀರೆಗಳನ್ನು ತೋರಿಸುತ್ತಿದ್ದೆ.

ಆಮೇಲೆ ನಾನು ಒಂದೊಂದು ಸೀರೆಯನ್ನೂ ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡತೊಡಗಿದೆ. ಪ್ರಶಾಂತನಿಗೆ ನಗು. “ಏನಣ್ಣಾ, ಮನೇಲಿ ಅತ್ತಿಗೆಗೆ ಆರಿಸ್ತಿದ್ದೀಯಾ?”

“ಸಂಬಳ ಜಾಸ್ತಿ ಮಾಡು, ಆರಿಸ್ತೀನಿ.”

ಮೊದಮೊದಲು ಹಸಿರು ಹಸಿರಾಗಿಯೇ ಕಾಣುತ್ತಿತ್ತು, ಕೆಂಪು ಕೆಂಪಾಗಿ. ಹಾಳೆಯಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದೆ, ಯಾವುದೂ ಕೂರಲಿಲ್ಲ. ನಿನ್ನೆ ಬೆಳಿಗ್ಗೆ ನಾರಾಯಣಪ್ಪ ಒಂದು ಸೀರೆ ತಂದ. ಅಂಥದ್ದು ಹಾಳೆಯಲ್ಲಿ ಇರಲೇ ಇಲ್ಲ. ಚೀಟಿಯಲ್ಲಿ ಗ್ರೀನ್ ಎಂದು ಬರೆದದ್ದಾಯಿತು. ಹೊಸ್ತಿಲಲ್ಲಿ ಹಿಡಿದು ಸ್ವಲ್ಪ ಅಲ್ಲಾಡಿಸಿದೆ. ಹಸಿರು ಓಡಿಹೋಗಿ ಹಳದಿ ಬಂತು, ಮತ್ತೆ ಹಸಿರು ಬಂತು. ಇದನ್ನು ಎಲ್ಲೋ ಕಂಡಿದ್ದೇನಲ್ಲ ಅನ್ನಿಸಿತು. ಮಿಲ್ಲಿನ ಲಾರಿಯಲ್ಲಿ ಮೂಟೆಗಳ ಮೇಲೆ ಕೂತು ಹೋಗುವಾಗ ಕಂಡದ್ದು. ಆಗ ಕುದಾಪುರದ ಕಡೆ ಕಾವಲಿನಲ್ಲಿ, ದನ ಮೇಯುವ ಆ ಹುಲ್ಲುಬಯಲಿನಲ್ಲಿ, ಸರ್ಕಾರದ ಕಾಂಪೌಂಡುಗಳು ಇನ್ನೂ ಎದ್ದಿರಲಿಲ್ಲ.

ಸಂಜೆ ಹೋದಾಗ ರುದ್ರಮ್ಮನವರು ಮಲಗಿಯೇ ಇದ್ದರು.

“ಅಮ್ಮಾರೆ, ಇವತ್ತು ಒಂದು ಹೊಸಾದು ಬಂತ್ರಿ.”

“ನಂಬರ್ ಹೇಳ್ಬ್ಯಾಡ.”

“ನಂಬರ್ ಅಲ್ರಿ. ಕಾವಲ್ ಹುಲ್ಲು.”

ಅವರು ಈಚೆ ತಿರುಗಿದರು. “ಯಾವ ಕಾವಲು?”

“ವರವು ಕಾವಲ್ರಿ. ಮಳೆ ನಿಂತ ಮೇಲೆ ಬುಡ ಹಸಿರಿದ್ದು ತುದಿ ಒಣಗಾಕ್ ಹತ್ತಿರ್ತೈತಲ್ರಿ, ಗಾಳಿ ಬೀಸಿದ್ರೆ ಒಂದ್ಸಲ ಹಸಿರು, ಒಂದ್ಸಲ ಹಳದಿ. ಹಂಗೈತೆ.”

ರುದ್ರಮ್ಮನವರು ಕೈಯೂರಿ ಎದ್ದು ಕೂತರು. “ಹಾಸು ಹಸಿರು. ಹೊಕ್ಕು ಗೋಧಿ ಬಣ್ಣ,” ಅಂದರು, ತಮಗೇ ಹೇಳಿಕೊಂಡಂತೆ. “ಅಂಚು?”

“ಹೊಸ ಮಡಿಕೆ ಇರ್ಬೇಕ್ರಿ. ನನಗೆ ಅಷ್ಟು ಗೊತ್ತಾಗಲ್ಲ.”

“ಗೊತ್ತಾಗ್ತೈತೆ.” ಕೈ ತೊಡೆಯ ಮೇಲೆ ನೆರಿಗೆ ಹುಡುಕತೊಡಗಿತು. “ಎಷ್ಟೊತ್ನಾಗೆ ನೋಡ್ದೆ?”

“ಬೆಳಿಗ್ಗೆ ರೀ.”

“ಹಂಗಾದ್ರೆ ಅರ್ಧ ನೋಡಿದ್ದೀಯ ಕಣಲೇ. ಸಂಜೆ ಬೆಳಕ್ನಾಗೆ ಅದು ಕಾವಲು ಆಗಿರಾಂಗಿಲ್ಲ, ಬ್ಯಾರೆ ಏನೋ ಆಗಿರ್ತೈತೆ. ನಾಳೆ ನೋಡ್ಕೊಂಡ್ ಬಂದು ಹೇಳು.”

ಇವತ್ತು ಮಧ್ಯಾಹ್ನದ ಹೊತ್ತಿಗೆ ಕೊನೆಯ ಪುಟವೂ ಮುಗಿಯಿತು. ಮೊದಲು ಹೊಡೆದ ಹೆಸರೆಂದು ‘ಕಡ್ಲೆಬೀಜದ ಸಿಪ್ಪೆ’ಯನ್ನು ಕಡೆಗೆ ಉಳಿಸಿಕೊಂಡಿದ್ದೆ. ಅಳಿಸಲೋ ಎಂದು ಅದು ಕೇಳಿತು, ಹೌದು ಅಂದೆ. ಇನ್ನು ಲೆಕ್ಕ ತಪ್ಪುವುದಿಲ್ಲ. ಪ್ರಶಾಂತ ಖುಷಿಯಾಗಿ ಇಬ್ಬರಿಗೂ ಟೀ ತರಿಸಿದ.

ಈಗ ಸಂಜೆಯ ಬಿಸಿಲು ಬಾಗಿಲಿನ ಆ ಪಕ್ಕದಿಂದ ಬರುತ್ತಿದೆ. ನಿನ್ನೆಯ ಸೀರೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೇನೆ. ಅವರು ಹೇಳಿದ್ದು ನಿಜ, ಇದು ಈಗ ಕಾವಲು ಅಲ್ಲ. ಹಳದಿಯ ಒಳಗೆ ಏನೋ ಕೆಂಚಗಾಗುತ್ತಿದೆ. ಹೆಸರು ಇನ್ನೂ ಬಾಯಿಗೆ ಬಂದಿಲ್ಲ. ಚಳ್ಳಕೆರೆ ಬಸ್ಸು ಹಾರನ್ ಹೊಡೆದುಕೊಂಡು ಮುಂದೆ ಹೋಯಿತು. ಇದರ ಹಿಂದೆ ಇನ್ನೊಂದು ಇದೆ.